ತಣ್ಣಗೇ ತಿನ್ನಬೇಕಾದ ರೂಡಿ

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಹುಳಿ ನೋಡುವ ಕೆಲಸ ಮಾಡಿದೆ. ಕಾರ್ಡಿನ ಮೇಲೆ ಕ್ವಾಲಿಟಿ ಮ್ಯಾನೇಜರ್ ಎಂದು ಅಚ್ಚಾಗಿತ್ತು. ಕೊನೆಯ ಕೆಲವು ವರ್ಷ ಅದರ ಮುಂದೆ ಸೀನಿಯರ್ ಎಂದೂ ಸೇರಿತು, ಅದರಿಂದ ಹುಳಿಗೇನೂ ವ್ಯತ್ಯಾಸ ಆಗಲಿಲ್ಲ. ಬೆಳಿಗ್ಗೆ ಹೋದ ಕೂಡಲೇ ಕೈ ತೊಳೆದು, ತಲೆಗೆ ಬಲೆಯ ಟೊಪ್ಪಿ ಹಾಕಿ, ಹಿಂದಿನ ದಿನ ಹೆಪ್ಪು ಹಾಕಿದ ಹಾಲು ಎಷ್ಟು ಹುಳಿಯಾಗಿದೆ ಎಂದು ಮೊದಲು ಮೀಟರಿನಲ್ಲಿ ನೋಡುವುದು, ಆಮೇಲೆ ನಾಲಿಗೆಯಲ್ಲಿ ನೋಡುವುದು. ಎರಡೂ ಒಪ್ಪಿದರೆ ಕೆಲಸ ಮುಂದಕ್ಕೆ ಹೋಗುತ್ತಿತ್ತು. ಒಪ್ಪದಿದ್ದರೆ ಜಗಳ.

ಮೊನ್ನೆ ಎಡಿಸನ್ನಿನ ಗೆಳತಿಯೊಬ್ಬಳ ಮಗಳು, ಫುಡ್ ಸೈನ್ಸ್ ಓದಿ ಈಗಷ್ಟೇ ಡೈರಿಯೊಂದಕ್ಕೆ ಸೇರಿದವಳು, "ಆಂಟಿ, ವಾಟ್ ಈಸ್ ದ ಜಾಬ್ ರಿಯಲಿ ಲೈಕ್?" ಎಂದು ಕೇಳಿದಳು. ಊಟದ ತಟ್ಟೆ ಹಿಡಿದು ನಿಂತು ಹೇಳಿ ಮುಗಿಸುವ ಮಾತಲ್ಲ, ಕನ್ನಡದಲ್ಲಿ ಬರೆದು ಕೊಡುತ್ತೇನೆ, ಅಮ್ಮನ ಹತ್ತಿರ ಓದಿಸಿಕೋ ಎಂದೆ. ಪಠ್ಯಪುಸ್ತಕದಲ್ಲಿ ಇರುವುದನ್ನು ನಾನು ಬರೆಯುವುದಿಲ್ಲ, ಅದನ್ನು ಅವಳು ನನಗಿಂತ ಚೆನ್ನಾಗಿ ಬಲ್ಲಳು.

ನಮ್ಮದು ಸಣ್ಣ ಡೈರಿ. ನ್ಯೂ ಬ್ರನ್ಸ್‌ವಿಕ್ ಕಡೆ ಹಂಗೇರಿಯಿಂದ ಬಂದು ನೆಲೆಸಿದ ಕುಟುಂಬಗಳು ಹಿಂದಿನಿಂದಲೂ ಇವೆ. ಅವರಿಗೆ ಬೇಕಾದ ಹುಳಿಕೆನೆ, ತೂರೋ, ಇಂಥವನ್ನು ಅಲ್ಲಿ ಮಾಡುತ್ತಿದ್ದರು. ತೂರೋ ಎಂದರೆ ಹೆಪ್ಪಾದ ಹಾಲನ್ನು ನಿಧಾನವಾಗಿ ಬಿಸಿ ಮಾಡಿ, ನೀರು ಬಸಿದು ತೆಗೆದ ಹರಳು ಹರಳಾದ ಗಟ್ಟಿ. ಪನೀರಿಗಿಂತ ಮೆತ್ತಗೆ, ಮೊಸರಿಗಿಂತ ಬಿಗಿ. ಅದಕ್ಕೆ ಸಕ್ಕರೆ, ನಿಂಬೆಸಿಪ್ಪೆಯ ತುರಿ ಸೇರಿಸಿ, ಬೆರಳುದ್ದದ ಕಡ್ಡಿ ಮಾಡಿ, ಮೇಲೆ ತೆಳ್ಳಗೆ ಕಪ್ಪು ಚಾಕೊಲೇಟು ಹೊದಿಸಿದರೆ ತೂರೋ ರೂಡಿ. ಹಂಗೇರಿಯ ಮಕ್ಕಳು ಶಾಲೆಯಿಂದ ಬರುವಾಗ ತಿನ್ನುವ ತಿಂಡಿ. ಚಾಕೊಲೇಟು ಇದ್ದರೂ ಅದು ಮಿಠಾಯಿಯ ಕಪಾಟಿನಲ್ಲಿ ಇರುವುದಿಲ್ಲ, ಹಾಲಿನ ಪಕ್ಕ ಫ್ರಿಜ್ಜಿನಲ್ಲಿ ಇರುತ್ತದೆ. ತಣ್ಣಗೇ ತಿನ್ನಬೇಕು. ಈ ಕೊನೆಯ ಮಾತನ್ನು ನೆನಪಿಡಿ, ಮುಂದಿನ ರಾಮಾಯಣವೆಲ್ಲ ಅದರದ್ದೇ.

ಡೈರಿಯ ಒಡೆಯ ಲಾಸ್ಲೊ ನನ್ನ ವಯಸ್ಸಿನವನು. ಲೆಕ್ಕ, ಟ್ರಕ್ಕು, ಆರ್ಡರು ಅವನದು. ಒಳಗಿನ ಹಾಲು, ಹೆಪ್ಪು, ಬೈಗುಳ ಅವನ ತಾಯಿಯದು. ಆಕೆಯನ್ನು ಎಲ್ಲರೂ ಎರ್ಜಿ ನೇನಿ ಎನ್ನುತ್ತಿದ್ದರು. ನೇನಿ ಎಂದರೆ ನಾವು ಹಿರಿಯ ಹೆಂಗಸರಿಗೆ ಆಂಟಿ ಎನ್ನುವ ಹಾಗೆ.

ನಾನು ಧಾರವಾಡದವಳು, ಬೆಂಗಳೂರಿನಲ್ಲಿ ಡೈರಿ ಕಾಲೇಜು ಮುಗಿಸಿದವಳು. ನಮ್ಮನೆಯವರ ಕೆಲಸದ ಬೆನ್ನು ಹತ್ತಿ ಎಡಿಸನ್ನಿಗೆ ಬಂದು, ವೀಸಾದ ದೆಸೆಯಿಂದ ವರ್ಷಗಟ್ಟಲೆ ಮನೆಯಲ್ಲಿ ಕೂತೆ. ಗ್ರೀನ್ ಕಾರ್ಡ್ ಬರುವಷ್ಟರಲ್ಲಿ ಓದಿದ್ದೆಲ್ಲ ತುಕ್ಕು ಹಿಡಿದಿತ್ತು. ಆ ಡೈರಿಯ ಮುಂದೆ ಒಂದು ಸಣ್ಣ ಕೌಂಟರಿತ್ತು, ಹಾಲು ತರಲು ಹೋಗುತ್ತಿದ್ದೆ. ಹೋದಾಗಲೆಲ್ಲ ಹೆಪ್ಪು ಯಾವುದು, ಎಷ್ಟು ಬಿಸಿ ಮಾಡುತ್ತೀರಿ, ಹರಳು ಹೇಗೆ ನಿಲ್ಲುತ್ತದೆ ಎಂದು ಎರ್ಜಿ ನೇನಿಯ ತಲೆ ತಿನ್ನುತ್ತಿದ್ದೆ.

ಒಂದು ದಿನ ಆಕೆಗೆ ಸಾಕಾಯಿತು. "ಇಷ್ಟೆಲ್ಲ ಕೇಳೋಳು ಹೊರಗೆ ಯಾಕೆ ನಿಂತಿದ್ದೀಯಾ? ಒಳಗೆ ಬಂದು ಕೆಲಸ ಮಾಡು. ಬರೋವಾಗ ಬಾಗಿಲು ಹಾಕ್ಕೊಂಡು ಬಾ, ಗಾಳಿ ನುಗ್ಗುತ್ತೆ." ನನ್ನ ಇಂಟರ್‌ವ್ಯೂ ಅಷ್ಟೇ.

ಮೊದಲ ಪ್ರತಾಪ ಕೇಳಿ. ನಮ್ಮ ಕಡೆ ಮೊಸರನ್ನು ಅರಿವೆಯಲ್ಲಿ ಕಟ್ಟಿ ತೂಗುಹಾಕಿ, ಆ ಗಟ್ಟಿಗೆ ಸಕ್ಕರೆ ಸೇರಿಸಿ, ಪೂರಣಯಂತ್ರದಲ್ಲಿ ಹಾಕಿ ತಿರುಗಿಸಿ ಶ್ರೀಖಂಡ ಮಾಡುತ್ತಾರೆ. ಒಂದು ಹರಳು ನಾಲಿಗೆಗೆ ಸಿಕ್ಕರೂ ಮಾಡಿದವಳ ಮಾನ ಹೋದಂತೆ. ಇಲ್ಲಿ ಹರಳು ಹರಳಾದ ತೂರೋ ನೋಡಿ ನನಗೆ ಕೈ ತಡೆಯಲಿಲ್ಲ. ಒಂದು ಸಣ್ಣ ಪಾತ್ರೆಯಷ್ಟನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ತಿಕ್ಕಿ ಬೆಣ್ಣೆಯಂತೆ ನುಣ್ಣಗೆ ಮಾಡಿ, ರೂಡಿ ಮಾಡಿಸಿ, ಎರ್ಜಿ ನೇನಿಯ ಮುಂದಿಟ್ಟೆ. ಹೊಗಳಿಕೆಗೆ ಕಾದು ನಿಂತಿದ್ದೆ ಎಂದು ಬೇರೆ ಹೇಳಬೇಕಾಗಿಲ್ಲ.

ಆಕೆ ಕಚ್ಚಿದಳು, ನಿಧಾನವಾಗಿ ನುಂಗಿದಳು. "ಇದು ಹಲ್ಲಿಲ್ಲದವರಿಗೆ," ಎಂದಳು. "ನನಗೆ ಹಲ್ಲಿದೆ. ಮೇಲೆ ಚಾಕೊಲೇಟ್ ಟಕ್ ಅಂತ ಒಡೀಬೇಕು, ಒಳಗೆ ಹರಳು ಸಿಗಬೇಕು, ಎರಡೂ ತಣ್ಣಗಿರಬೇಕು. ಅಷ್ಟಿದ್ದರೆ ರೂಡಿ. ಇಲ್ಲದಿದ್ರೆ ಮಗುಗೆ ತಿನ್ನಿಸೋ ಗಂಜಿ."

ಮೂರು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಆಕೆ ಮಾಡಿದ್ದನ್ನು ಸರಿಯಾಗಿ ತಿಂದು ನೋಡಿದೆ, ಅದು ಬೇರೆಯೇ ತಿಂಡಿ. ಶ್ರೀಖಂಡದ ಕಣ್ಣಿನಿಂದ ನೋಡಿದರೆ ರೂಡಿ ಕಾಣುವುದೇ ಇಲ್ಲ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಒಂದು ಪದಾರ್ಥವನ್ನು ಸುಧಾರಿಸುವ ಮೊದಲು ಅದನ್ನು ಇಷ್ಟಪಟ್ಟು ತಿನ್ನುವವರ ಜೊತೆ ಕೂತು ತಿನ್ನಿ.

ಹಾಗೆಂದು ಎರ್ಜಿ ನೇನಿ ಹೇಳಿದ್ದೆಲ್ಲ ವೇದವಾಕ್ಯ ಆಗಿರಲಿಲ್ಲ. ಹಾಲು ಗಟ್ಟಿಯಾಗಲು ಆಕೆ ಹೆಪ್ಪಿನ ಜೊತೆ ರೆನೆಟ್ ಎಂಬ ದ್ರವದ ನಾಲ್ಕು ಹನಿ ಬಿಡುತ್ತಿದ್ದಳು. ಅದು ಕರುವಿನ ಹೊಟ್ಟೆಯಿಂದ ತೆಗೆದದ್ದು. ಸಸ್ಯಾಹಾರಿ ರೆನೆಟ್ಟೇ ಇರಬೇಕು ಎಂದುಕೊಂಡಿದ್ದ ನನಗೆ, ಬೇರೆ ಕಂಪನಿಯ ಬಾಟಲಿ ಬಂದಾಗ ಲೇಬಲ್ ಓದಿ ವಿಷಯ ಗೊತ್ತಾಯಿತು. ನಾನು ಹುಟ್ಟಾ ಸಸ್ಯಾಹಾರಿ. ಇನ್ನು ಮೇಲೆ ಬಾಯಿಗೆ ಹಾಕಲಾರೆ, ಮೂಸಿ ಹೇಳುತ್ತೇನೆ ಎಂದೆ.

"ಬಾಯಿಗೆ ಹಾಕದ ಕ್ವಾಲಿಟಿ ಮ್ಯಾನೇಜರ್ ಇಟ್ಕೊಂಡು ನಾನೇನು ಮಾಡಲಿ?" ಎಂದ ಲಾಸ್ಲೊ. ನಗುತ್ತಲೇ ಸಸ್ಯಾಹಾರಿ ರೆನೆಟ್ ತರಿಸಿದ. ತಾಯಿ ಕೆಂಡಾಮಂಡಲವಾದಳು, ರುಚಿ ಕೆಟ್ಟೇ ಕೆಡುತ್ತದೆ ಎಂದಳು. ನಾವು ಎರಡು ತಟ್ಟೆಯಲ್ಲಿ ಎರಡು ಬಗೆಯ ತೂರೋ ಇಟ್ಟು, ಯಾವುದು ಯಾವುದೆಂದು ಹೇಳದೆ ಕೊಟ್ಟೆವು. ಆಕೆ ಬಹಳ ಹೊತ್ತು ಸವಿದು, ಹೊಸದನ್ನೇ ತೋರಿಸಿ "ಇದು ನನ್ನದು" ಎಂದಳು. ಅದು ಹೊಸದೆಂದು ತಿಳಿದಾಗ, ಕಿಟಕಿ ತೆರೆದಿದ್ದರಿಂದ ನಾಲಿಗೆಗೆ ಗಾಳಿ ಹೊಡೆಯಿತು ಎಂದಳು. ಅವರ ಊರಿನಲ್ಲಿ ಕಿಟಕಿಯ ಗಾಳಿಯೇ ಸಕಲ ರೋಗಕ್ಕೆ ಮೂಲ. ಬೇಸಿಗೆಯಲ್ಲೂ ಆಕೆಯ ಕತ್ತಿಗೆ ಸ್ಕಾರ್ಫ್ ಇರುತ್ತಿತ್ತು.

ಕಾಲ ಹೋದಂತೆ ವಿಧಾನ ಬದಲಾಯಿತು. ಬಟ್ಟೆಯ ಚೀಲದಲ್ಲಿ ತೂಗುಹಾಕಿ ಬಸಿಯುತ್ತಿದ್ದುದು ಹೋಗಿ ತೂತಿನ ಸ್ಟೀಲ್ ಮೇಜು ಬಂತು. ಥರ್ಮಾಮೀಟರ್ ಓದಿ ಬರೆಯುವ ಕೆಲಸ ಹೋಗಿ ಫೋನಿನಲ್ಲೇ ಗೆರೆ ಕಾಣಿಸತೊಡಗಿತು. ಬದಲಾಗದೆ ಉಳಿದದ್ದು ಚಾಕೊಲೇಟ್ ಹೊದಿಸುವ ಯಂತ್ರ ಒಂದೇ. ಎರ್ಜಿ ನೇನಿಯ ಗಂಡ ಮುಚ್ಚಿಹೋದ ಬೇಕರಿಯೊಂದರಿಂದ ಅದನ್ನು ತಂದು, ಬಿಚ್ಚಿ, ತಾನೇ ಸರಿಮಾಡಿದ್ದನಂತೆ. ಮೇಲಿನಿಂದ ಚಾಕೊಲೇಟು ತೆಳುವಾದ ಪರದೆಯಂತೆ ಇಳಿಯುತ್ತದೆ, ಕೆಳಗೆ ಬೆಲ್ಟಿನ ಮೇಲೆ ಕಡ್ಡಿಗಳು ಸಾಗುತ್ತವೆ. ಗಂಡ ತೀರಿಹೋದ ಮೇಲೆ ಆಕೆ ದಿನಾ ಬೆಳಿಗ್ಗೆ ಅದರ ಪಕ್ಕಕ್ಕೆ ಅಂಗೈ ಇಟ್ಟು, ಬೆಚ್ಚಗಾಗಿದೆಯೇ ನೋಡಿ, ಆಮೇಲೆ ಸ್ವಿಚ್ ಒತ್ತುತ್ತಿದ್ದಳು. ಬೆಚ್ಚಗಾಗಿದೆಯೋ ಇಲ್ಲವೋ ತೋರಿಸಲು ದೀಪವಿತ್ತು. ಆದರೂ ಅಂಗೈ ಇಡುತ್ತಿದ್ದಳು.

ಇಷ್ಟರಲ್ಲಿ ರೂಡಿ ತಿನ್ನುವವರು ಕಡಿಮೆಯಾಗುತ್ತ ಬಂದರು. ಹಳೆಯ ಗಿರಾಕಿಗಳು ಒಬ್ಬೊಬ್ಬರೇ ತೀರಿಹೋದರು, ಮಕ್ಕಳು ದೂರದ ರಾಜ್ಯಗಳಿಗೆ ಹೋದರು. ರೂಡಿ ನಿಲ್ಲಿಸಿ ಯಂತ್ರ ಮಾರುತ್ತೇನೆ ಎಂದ ಲಾಸ್ಲೊ. ತಾಯಿ ಬೈಯಲಿಲ್ಲ, ಎದ್ದು ಹೋಗಿ ಯಂತ್ರ ಒರೆಸತೊಡಗಿದಳು. ಬೈಯುವವಳು ಬೈಯದಿದ್ದರೆ ಎಷ್ಟು ಭಯವಾಗುತ್ತದೆ ಎಂದು ನನಗೆ ಆ ದಿನ ತಿಳಿಯಿತು.

ಆಗ ನಾನು ಬಾಯಿ ಹಾಕಿದೆ. ಮೊಟ್ಟೆ ಇಲ್ಲ, ಜೆಲಾಟಿನ್ ಇಲ್ಲ, ರೆನೆಟ್ಟೂ ಸಸ್ಯಾಹಾರಿ. ಎಡಿಸನ್ನಿನ ಇಂಡಿಯನ್ ಅಂಗಡಿಗಳಲ್ಲಿ ಇಟ್ಟು ನೋಡೋಣ ಎಂದೆ. ರೂಡಿ ಸುತ್ತುವ ಕವರಿನ ಮೇಲೆ ಹಸಿರು ಚುಕ್ಕೆ ಹಾಕಿಸಿದೆವು. ಮೊದಲ ತಿಂಗಳು ಅಂಗಡಿಯವರ ಫೋನಿಗೆ ಉತ್ತರ ಕೊಡುವುದೇ ಕೆಲಸವಾಯಿತು, ಇನ್ನಷ್ಟು ಕಳಿಸಿ, ಇನ್ನಷ್ಟು ಕಳಿಸಿ. ಎರ್ಜಿ ನೇನಿ ಯಂತ್ರದ ಮುಂದೆ ಹಾಡು ಗುನುಗುತ್ತಿದ್ದಳು.

ಚಳಿ ಶುರುವಾದ ಮೇಲೆ ಅದೇ ಫೋನುಗಳು ಬೇರೆ ರಾಗ ತೆಗೆದವು. ರೂಡಿ ಕೆಟ್ಟಿದೆ, ಹುಳಿ ವಾಸನೆ, ನೀರು ಬಿಟ್ಟಿದೆ, ಚಾಕೊಲೇಟ್ ಕೈಗೆ ಅಂಟುತ್ತದೆ. ಅಂಗಡಿಗಳು ಆರ್ಡರ್ ತಡೆಹಿಡಿದವು.

ಲಾಸ್ಲೊ ನಮ್ಮಿಬ್ಬರನ್ನೂ ಆಫೀಸಿಗೆ ಕರೆದ. "ಎರಡೇ ದಾರಿ," ಎಂದ. "ಹುಳಿ ತೆಗೆದು, ಸಕ್ಕರೆ ಜಾಸ್ತಿ ಮಾಡಿ, ಗಟ್ಟಿ ಹಿಡಿಯೋ ಪುಡಿ ಹಾಕಿ, ಹೊರಗಿಟ್ಟರೂ ಕೆಡದ ಹಾಗೆ ಮಾಡೋದು. ಇಲ್ಲಾಂದ್ರೆ ಯಂತ್ರ ಮಾರೋದು."

"ಮೊದಲನೇದು ಮಾಡೋದಾದ್ರೆ ಅದಕ್ಕೆ ರೂಡಿ ಅಂತ ಹೆಸರಿಡಬೇಡ," ಎಂದಳು ತಾಯಿ. "ನಿಮ್ಮಪ್ಪನ ಯಂತ್ರದಲ್ಲೂ ಮಾಡಬೇಡ."

ಅವನು ನನ್ನ ಕಡೆ ತಿರುಗಿದ. "ವಿಜಯಾ, ಅಂಗಡಿಗಳನ್ನ ತಂದೋಳು ನೀನು. ಯಾಕೆ ಕೆಡ್ತಿದೆ ಅಂತ ನೀನೇ ಹುಡುಕು. ಕ್ರಿಸ್‌ಮಸ್ ರಜೆ ಹೊತ್ತಿಗೆ ನಾನು ತೀರ್ಮಾನ ಮಾಡಬೇಕು."

ಮೊದಲು ನಮ್ಮ ಡೈರಿಯನ್ನೇ ನೋಡಿಕೊಂಡೆ. ಪ್ರತಿ ಬ್ಯಾಚಿನಿಂದ ಕೆಲವು ತುಂಡು ತೆಗೆದು ನಮ್ಮದೇ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುವುದು ಡೈರಿಯ ಪದ್ಧತಿ. ದೂರು ಬಂದ ಬ್ಯಾಚಿನವನ್ನು ತೆಗೆದು ನೋಡಿದೆ, ಒಂದೂ ಕೆಟ್ಟಿರಲಿಲ್ಲ. ಟ್ರಕ್ಕಿನಲ್ಲಿ ಡ್ರೈವರನ ಪಕ್ಕ ಕೂತು ಹೋದೆ, ಟ್ರಕ್ಕು ತಣ್ಣಗಿತ್ತು. ಅಂಗಡಿಯ ಫ್ರಿಜ್ಜಿನಲ್ಲಿ ಥರ್ಮಾಮೀಟರ್ ಬಚ್ಚಿಟ್ಟು ಮಾರನೆಯ ದಿನ ಹೋಗಿ ನೋಡಿದೆ, ಅದೂ ಸರಿಯಿತ್ತು. ಹಾಲಿನಿಂದ ಅಂಗಡಿಯವರೆಗೆ ಎಲ್ಲಿಯೂ ತಪ್ಪಿಲ್ಲ, ಆದರೆ ರೂಡಿ ಕೆಡುತ್ತಿದೆ. ಯಂತ್ರ ಹೋದರೆ ಆ ಮುದುಕಿ ಬೆಳಿಗ್ಗೆ ಎದ್ದು ಎಲ್ಲಿ ಅಂಗೈ ಇಡಬೇಕು ಎನ್ನುವುದೇ ತಲೆಯಲ್ಲಿ.

ಉಳಿದದ್ದು ತಿನ್ನುವವರ ಮನೆ. ಹೆಚ್ಚು ಸಲ ದೂರು ಕೊಟ್ಟಿದ್ದ ಹೆಂಗಸಿನ ನಂಬರನ್ನು ಅಂಗಡಿಯವರು ಆಕೆಯನ್ನು ಕೇಳಿ ಕೊಟ್ಟರು. ದಿವ್ಯಾ ಎಂದು ಹೆಸರು, ಮೈಸೂರಿನವಳು, ಮನೆ ಕೆಂಡಲ್ ಪಾರ್ಕ್‌ನಲ್ಲಿ. ಬನ್ನಿ ಆಂಟಿ, ಇವತ್ತು ರಜೆ ಹಾಕಿ ಮನೆಯಲ್ಲೇ ಇದ್ದೇನೆ ಎಂದಳು. ರೂಟ್ ಒನ್‌ನಲ್ಲಿ ಟ್ರಾಫಿಕ್ ದಾಟಿ ಹೋಗುವಷ್ಟರಲ್ಲಿ ಶಾಲೆ ಬಿಡುವ ಹೊತ್ತಾಗಿತ್ತು. ಬಾಗಿಲು ತೆರೆದರೆ ಹೀಟರಿನ ಬಿಸಿ ಮುಖಕ್ಕೆ ರಾಚಿತು. ಸೋಫಾದ ಮೇಲೆ ಅವಳ ಅತ್ತೆ ಸರೋಜಮ್ಮನವರು ಸ್ವೆಟರು, ಕಾಲುಚೀಲ ಹಾಕಿ ಕೂತಿದ್ದರು. ಆರು ತಿಂಗಳಿಗೆಂದು ಬಂದವರು.

ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆಯೊಂದರಲ್ಲಿ ಎರಡು ರೂಡಿ ಇದ್ದವು. ಕವರಿನ ಒಳಗೇ ಮೆತ್ತಗಾಗಿ ಮಲಗಿದ್ದವು.

"ಇವನ್ನ ಯಾವಾಗ ತಗದು ಇಟ್ಟೀರಿ?" ಎಂದು ಕೇಳಿದೆ.

ಸರೋಜಮ್ಮ ಉತ್ತರ ಕೊಟ್ಟರು. "ಬೆಳಿಗ್ಗೆ ಮಗು ಬಸ್ಸು ಹತ್ತಿದ ಮೇಲೆ ತೆಗೆದಿಡ್ತೀನಮ್ಮಾ. ಸಾಯಂಕಾಲ ಬರೋ ಹೊತ್ತಿಗೆ ತಣ್ಣಗಿರೋದು ಹೋಗಿರುತ್ತೆ."

"ಅತ್ತೆ, ಕವರ್ ಮೇಲೆ ಕೀಪ್ ರೆಫ್ರಿಜರೇಟೆಡ್ ಅಂತ ಇದೆ," ಎಂದಳು ದಿವ್ಯಾ. ಆಫೀಸಿಗೆ ಹೋಗುವ ಅವಳಿಗೆ ಇದು ಆಗಷ್ಟೇ ಗೊತ್ತಾದಂತಿತ್ತು.

"ಅಲ್ಲೇ ಇಟ್ಟಿದ್ನಲ್ಲೇ, ಫ್ರಿಜ್ಜಲ್ಲೇ. ತಿನ್ನೋ ದಿನ ಮಾತ್ರ ಆಚೆ ತೆಗೆದೆ. ಫ್ರಿಜ್ಜಿಂದ ತೆಗೆದಿದ್ದನ್ನ ಹಾಗೇ ಮಗು ಬಾಯಿಗೆ ಹಾಕ್ತಾರಾ? ಅದೂ ಈ ಚಳಿಲಿ? ಗಂಟಲು ಕಟ್ಕೊಂಡ್ರೆ ರಾತ್ರಿಯೆಲ್ಲ ಕೆಮ್ಮೋದು ಅವನು ತಾನೆ."

ನನಗೆ ನಗುವೂ ಬಂತು, ಅಳುವೂ ಬಂತು. ನನ್ನ ಮಗಳಿಗೆ ನಾನು ಹಾಲು, ಹಣ್ಣು, ಮೊಸರು ಯಾವುದನ್ನೂ ಫ್ರಿಜ್ಜಿನಿಂದ ತೆಗೆದು ನೇರ ಕೊಟ್ಟವಳಲ್ಲ. ನನ್ನ ತಾಯಿ ನನಗೆ ಕೊಟ್ಟವಳಲ್ಲ. ಇಷ್ಟು ದಿನ ಮೀಟರ್ ಹಿಡಿದು ಊರೆಲ್ಲ ಸುತ್ತಿದೆ. ಕಾರಣ ನನ್ನ ಅಡುಗೆಮನೆಯಲ್ಲೇ ಇತ್ತು. ಬೇಸಿಗೆಯಲ್ಲಿ ತಣ್ಣಗೆ ತಿನ್ನಲು ಬಿಟ್ಟವರು ಚಳಿ ಬಂದ ಕೂಡಲೇ ತೆಗೆದಿಡತೊಡಗಿದ್ದರು. ಬಿಸಿ ಮನೆಯಲ್ಲಿ ಇಡೀ ಹಗಲು ಕೂತ ತೂರೋ ಹುಳಿಯೇರಿ ನೀರು ಬಿಡದೆ ಇನ್ನೇನು ಮಾಡೀತು.

ಅಷ್ಟರಲ್ಲಿ ಮೊಮ್ಮಗ ಬಂದ. ಕಟ್ಟೆಯ ಕಡೆ ನೋಡಿ "ಅಜ್ಜಿ, ಇಟ್ಸ್ ಮೆಲ್ಟೆಡ್ ಅಗೇನ್" ಎಂದು ಮುಖ ಸಿಂಡರಿಸಿದ. ಫ್ರಿಜ್ಜಿನಲ್ಲಿದ್ದ ಒಂದನ್ನು ನಾನೇ ತೆಗೆದು, ಇದನ್ನ ಕೊಡಲೇ ಎಂದು ಸರೋಜಮ್ಮನವರ ಮುಖ ನೋಡಿದೆ. ಅವರು ಅದನ್ನು ಕೈಗೆ ತೆಗೆದುಕೊಂಡು ಉದ್ದ ನೋಡಿದರು. "ಒಂದು ಚೂರಾದ್ರೆ ಕೊಡಬಹುದು. ಇಷ್ಟುದ್ದ ತಣ್ಣಗಿರೋದು ಒಳಗೆ ಹೋದ್ರೆ?" ಎಂದು ವಾಪಸ್ ಕೊಟ್ಟರು.

ಡೈರಿಗೆ ಹೋಗಿ ವರದಿ ಒಪ್ಪಿಸಿದಾಗ ಲಾಸ್ಲೊ ಬಹಳ ಹೊತ್ತು ನಕ್ಕ. ಲೇಬಲ್ಲಿನಲ್ಲಿ ದೊಡ್ಡ ಅಕ್ಷರದಲ್ಲಿ ತಣ್ಣಗೇ ತಿನ್ನಿ ಎಂದು ಹಾಕಿಸೋಣ ಎಂದ. ಲೇಬಲ್ ಓದಿ ಮನಸ್ಸು ಬದಲಿಸುವ ಅಜ್ಜಿಯನ್ನು ನಾನು ಇನ್ನೂ ನೋಡಿಲ್ಲ ಎಂದೆ. ಎರ್ಜಿ ನೇನಿ ನಗಲಿಲ್ಲ. ಸ್ಕಾರ್ಫ್ ಸರಿಮಾಡಿಕೊಂಡು, "ಆ ಹೆಂಗಸು ಹೇಳೋದ್ರಲ್ಲಿ ಅರ್ಥ ಇದೆ, ಹೊರಗೆ ಎಷ್ಟು ಗಾಳಿ," ಎಂದಳು. ಮಗ ತಲೆಯ ಮೇಲೆ ಕೈ ಹೊತ್ತು ಕೂತ.

ಸರೋಜಮ್ಮನವರ ಮಾತು ನನ್ನ ಕಿವಿಯಲ್ಲೇ ಇತ್ತು. ಒಂದು ಚೂರಾದ್ರೆ ಕೊಡಬಹುದು. ರುಚಿ ಬದಲಿಸುವುದು ಬೇಡ, ಹುಳಿ ತೆಗೆಯುವುದು ಬೇಡ, ಚೂರೇ ಮಾಡಿಬಿಡೋಣ ಎಂದೆ. ಎರಡು ಬಾಯಿಗೆ ಮುಗಿಯುವಷ್ಟು. ಅಷ್ಟು ಸಣ್ಣದಕ್ಕೆ ಯಾವ ಅಜ್ಜಿಯೂ ಹೆದರುವುದಿಲ್ಲ.

ಹೇಳಿದಷ್ಟು ಸುಲಭವಾಗಲಿಲ್ಲ. ಕಡ್ಡಿ ಗಿಡ್ಡವಾದ ಕೂಡಲೇ ಬೆಲ್ಟಿನ ಮೇಲೆ ಉರುಳತೊಡಗಿತು. ಒಂದಕ್ಕೊಂದು ಅಂಟಿ, ಚಾಕೊಲೇಟಿನಲ್ಲಿ ಮುಳುಗಿ, ಮೊದಲ ದಿನ ಬಂದದ್ದೆಲ್ಲ ಉಂಡೆ. ಎರ್ಜಿ ನೇನಿ ಅವನ್ನು ನೋಡಿ ತನ್ನ ಭಾಷೆಯಲ್ಲಿ ಏನೋ ಅಂದಳು, ಅರ್ಥ ಕೇಳುವ ಧೈರ್ಯ ನನಗಾಗಲಿಲ್ಲ. ಕೊನೆಗೆ ಕಡ್ಡಿಯ ಕೆಳಭಾಗ ಸ್ವಲ್ಪ ಚಪ್ಪಟೆ ಮಾಡಿ, ಹೊದಿಸುವ ಮೊದಲು ಇನ್ನಷ್ಟು ಹೊತ್ತು ತಣ್ಣಗಿಟ್ಟೆವು. ಸಾಲಾಗಿ, ಶಿಸ್ತಾಗಿ ಪರದೆ ದಾಟಿ ಬಂದವು.

ಮೊದಲ ಡಬ್ಬಿಯನ್ನು ಐಸ್ ಚೀಲದಲ್ಲಿ ಇಟ್ಟು ನೇರ ಕೆಂಡಲ್ ಪಾರ್ಕ್‌ಗೆ ಡ್ರೈವ್ ಮಾಡಿದೆ. ಸರೋಜಮ್ಮ ಒಂದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. "ಇಷ್ಟೇ ತಾನೆ, ತಿನ್ಲಿ ಬಿಡಿ," ಎಂದರು. ಹುಡುಗ ಕಚ್ಚಿದ, ಚಾಕೊಲೇಟ್ ಟಕ್ ಎಂದದ್ದು ನನಗೂ ಕೇಳಿಸಿತು. "ವಾವ್, ಇಟ್ ಕ್ರ್ಯಾಕ್ಸ್," ಎಂದ. ಸರೋಜಮ್ಮ ತಾವೂ ಒಂದು ತೆಗೆದುಕೊಂಡರು. ಸೊಸೆಗೆ ಕಾಣದಂತೆ ಇನ್ನೊಂದು.

ಅಂಗಡಿಗಳು ಮರಳಿ ಬಂದವು. ಲಾಸ್ಲೊ ಅದಕ್ಕೆ ಮಿನಿ ಎಂದು ಹೆಸರಿಟ್ಟ, ಎರ್ಜಿ ನೇನಿ ಮಾತ್ರ ಕೊನೆಯವರೆಗೂ "ಅರ್ಧ ರೂಡಿ" ಎಂದೇ ಕರೆದಳು. ಯಂತ್ರ ಇದ್ದಲ್ಲೇ ಉಳಿಯಿತು. ಕಾಲು ಸೋತು ಡೈರಿಗೆ ಬರಲಾಗದ ದಿನದವರೆಗೂ ಆಕೆ ಬೆಳಿಗ್ಗೆ ಅದರ ಮೇಲೆ ಅಂಗೈ ಇಟ್ಟಳು. ನಾನು ಆ ಕೆಲಸದಲ್ಲಿ ಮಾಡಿದ್ದರಲ್ಲಿ ನನಗೆ ಹೆಮ್ಮೆ ಇರುವುದು ಅದೊಂದಕ್ಕೆ.

ಆಮೇಲೆ ಲಾಸ್ಲೊ ಆಕೆಯನ್ನು ಹ್ಯಾರಿಸನ್ನಿನ ತನ್ನ ಅಪಾರ್ಟ್‌ಮೆಂಟಿಗೆ ಕರೆದುಕೊಂಡು ಹೋದ. ಕಳೆದ ವರ್ಷ ನಿವೃತ್ತಳಾದ ಮೇಲೆ ನಾನು ಆಗಾಗ ಟ್ರೇನಿನಲ್ಲಿ ಹೋಗಿ ನೋಡಿ ಬರುತ್ತಿದ್ದೆ. ಈ ಚಳಿಗಾಲದ ಕೊನೆಗೆ ಹೋದಾಗ ಆಕೆ ಬಹಳ ಇಳಿದಿದ್ದಳು. ಲಾಸ್ಲೊ ಡೈರಿಗೆ ಹೋಗಿದ್ದ. ಕಿಟಕಿ ಭದ್ರವಾಗಿ ಮುಚ್ಚಿತ್ತು, ಕತ್ತಿಗೆ ಸ್ಕಾರ್ಫ್ ಇತ್ತು. ಊಟ ಬೇಡ ಎನ್ನುತ್ತಾಳೆ ಎಂದು ನೋಡಿಕೊಳ್ಳುವ ನರ್ಸ್ ಹೇಳಿದಳು. ನಾನು ಚೀಲದಿಂದ ರೂಡಿ ತೆಗೆದೆ, ಐಸಿನ ಪಕ್ಕ ಇಟ್ಟು ತಂದದ್ದು. ಎರ್ಜಿ ನೇನಿಯ ಕಣ್ಣು ಅರಳಿತು. ಕಚ್ಚಿದಳು, ಕೂಡಲೇ ಕೆನ್ನೆ ಹಿಡಿದುಕೊಂಡಳು. ಉಳಿದಿದ್ದ ಕೆಲವೇ ಹಲ್ಲುಗಳಿಗೆ ಆ ಥಂಡಿ ತಡೆಯಲಾಗಲಿಲ್ಲ.

ರೂಡಿಯನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಅದನ್ನು ನನ್ನ ಕಡೆ ಚಾಚಿದಳು.

"ವಿಜಯಾ, ನಿಮ್ಮ ಆ ಹೆಂಗಸು ಮೊಮ್ಮಗನಿಗೆ ಮಾಡ್ತಾಳಲ್ಲ, ಹಾಗೆ ಮಾಡಿ ಕೊಡು."

ನಾನು ಅದನ್ನು ಮತ್ತೆ ಕವರಿನಲ್ಲಿ ಸುತ್ತಿ ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಮಂಚದ ಪಕ್ಕ ಕೂತೆ. ನನ್ನ ಮಗಳಿಗೆ ದ್ರಾಕ್ಷಿಯ ಥಂಡಿ ಬಿಡಿಸುತ್ತಿದ್ದ ಹಾಗೆಯೇ. ಕವರಿನೊಳಗೆ ಚಾಕೊಲೇಟ್ ನಿಧಾನವಾಗಿ ಸಡಿಲವಾದದ್ದು ಕೈಗೆ ತಿಳಿಯಿತು. ಬಿಡಿಸಿ ಚಮಚದಲ್ಲಿ ಕೊಟ್ಟೆ. ಆಕೆ ಪೂರ್ತಿ ತಿಂದಳು, ಚಮಚ ನೆಕ್ಕಿದಳು.

"ಲಾಸ್ಲೊಗೆ ಹೇಳಬೇಡ," ಎಂದಳು.

ಹೇಳಲಿಲ್ಲ. ಮುಂದಿನ ತಿಂಗಳು ಆಕೆ ಹೋದಾಗಲೂ ಹೇಳಲಿಲ್ಲ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಆದ್ದರಿಂದ ಇಲ್ಲಿ ಬರೆದಿದ್ದೇನೆ.